ಸಾವಂತ್ರವ್ವನ ಎಂಟು ಸೆಕೆಂಡು

ನನಗೆ ಹುಟ್ಟಿನಿಂದ ಕಣ್ಣಿಲ್ಲ, ಕೋಪ ಮಾತ್ರ ಮೂಗಿನ ತುದಿಯಲ್ಲೇ ಇದೆ. ಬೆಳಗಾವಿಯ ಶಹಾಪುರದಲ್ಲಿ ದರ್ಜಿ ಅಂಗಡಿಯ ಮೇಲೊಂದು ಖೋಲಿ ಹಿಡಿದು ಭಜನೆ ಕ್ಯಾಸೆಟ್ಟು ಮಾಡುತ್ತಿದ್ದೆ. ಎರಡು ಸಾವಿರದ ಒಂದರಲ್ಲಿ ಕಂಪ್ಯೂಟರ್ ತಂದೆ. ಪರದೆಯ ಮೇಲೆ ಬಂದದ್ದನ್ನೆಲ್ಲ ಓದಿ ಹೇಳುವ ಸಾಫ್ಟ್‌ವೇರ್ ಹಾಕಿಸಿಕೊಂಡು ಅದಕ್ಕೆ ವಾಚಾಳಿ ಎಂದು ಹೆಸರಿಟ್ಟೆ.

ತೊಂದರೆ ಏನೆಂದರೆ, ಯಂತ್ರದಲ್ಲಿ ಸದ್ದಿನ ಕಾರ್ಡು ಒಂದೇ. ವಾಚಾಳಿಗೂ ಅದೇ ಬೇಕು, ರೆಕಾರ್ಡಿಂಗಿಗೂ ಅದೇ ಬೇಕು. ಒಬ್ಬರ ಕೈಗೆ ಸಿಕ್ಕರೆ ಇನ್ನೊಬ್ಬರಿಗೆ ಬಾಗಿಲು ಬಂದ್. ಎರಡನೇ ಕಾರ್ಡು ಹಾಕಿಸಿದೆ. ಎರಡನ್ನೂ ನಡೆಸುವ ಡ್ರೈವರ್ ಸಾಫ್ಟ್‌ವೇರುಗಳು ಜಗಳಕ್ಕೆ ಬಿದ್ದು ಯಂತ್ರವೇ ಕೂತುಬಿಟ್ಟಿತು. ಕೊನೆಗೆ ವಾಚಾಳಿಯನ್ನು ಮುಚ್ಚಿ, ಕೀಲಿಗಳನ್ನು ಎಣಿಸಿ ಒತ್ತಿ ರೆಕಾರ್ಡು ಮಾಡುವುದನ್ನು ಕಲಿತೆ. ಕಣ್ಣಿದ್ದವರನ್ನು ಪಕ್ಕದಲ್ಲಿ ಕೂಡಿಸಿಕೋ ಎಂದವರ ಮೇಲೆ ಹರಿಹಾಯ್ದೆ. ಖೋಲಿಯಲ್ಲಿ ನನ್ನದೊಂದೇ ಕಟ್ಟುನಿಟ್ಟು: ನಾನು ಕೈ ಎತ್ತುವವರೆಗೆ ಹಾಡುವವರ ಹೊರತು ಯಾರೂ ಪಿಟಕ್ಕೆನ್ನಕೂಡದು.

ಖಾನಾಪುರದಿಂದ ಸಾವಂತ್ರವ್ವ ಮಗಳು ಕಾಂತಾಳ ಜೊತೆ ಬಂದಳು. ಮುದುಕಿಯ ಒಂದೊಂದು ಉಸಿರಿಗೂ ಗಂಟಲು ಸೀಟಿ ಹೊಡೆಯುತ್ತಿತ್ತು.

"ಮಾಸ್ತರ, ನಾಳೆ ಮುಂಜಾನೆ ಅವ್ವನ ಗಂಟಲಾ ಕೊಯ್ದು ತಗೀತಾರ್ರಿ," ಎಂದಳು ಕಾಂತಾ. "ಮುಂದ ದನೀನಽ ಇರೂದಿಲ್ಲಂತ. ನನಗೀಗ ಏಳ ತಿಂಗಳಾ. ನಮ್ಮ ಮನ್ಯಾಗ ಹೆಸರಿಡೂ ದಿನ ತೊಟ್ಟಿಲ ಪದಾ ಕೂಸಿನ ತಾಯಿ ತಾಯಿನಽ ಹಾಡಬೇಕು. ಅಜ್ಜಿ ಆಗೂತನಾ ಮನಿ ಹೆಣ್ಮಕ್ಕಳು ಯಾರೂ ಅದನ್ನ ಬಾಯಾಗ ತರೂಹಂಗಿಲ್ಲ, ಹಂಗಾಗಿ ನನಗ ಬರೂದಿಲ್ಲ. ಅದೊಂದ ಪದಾ ಹಿಡದ ಕೊಡ್ರಿ."

ದನಿ ಅಳೆಯಲು ಮುದುಕಿಯನ್ನು ಮೈಕಿನ ಮುಂದೆ ಕೂಡಿಸಿ, ವಾಚಾಳಿಯನ್ನು ಮುಚ್ಚಿ, ಒಂದು ತುಣುಕು ರೆಕಾರ್ಡಿಗೆ ಹಚ್ಚಿದೆ.

"ಈಗ ಹಾಡ್ಲೇನೋ ಯಪ್ಪಾ?"

"ಇನ್ನಾ ಇಲ್ಲ, ತಡೀರಿ. ನಾ ಮೊಣಕೈ ಮುಟ್ಟಿದಾಗ ಹಾಡ್ರಿ."

ಆ ಗಂಟಲು ಒಂದೇ ಸಲ ಹಾಡೀತು ಎಂದು ಎಂದೂ ಇಲ್ಲದ ಮುತುವರ್ಜಿ ವಹಿಸಿದೆ. ಅಳತೆಯ ತುಣುಕು ಸರಿಯಾಗಿ ಉಳಿದಿದೆಯೋ ಎಂದು ವಾಚಾಳಿಯನ್ನು ಎಬ್ಬಿಸಿ ಕೇಳಿದೆ. ಎಂಟು ಸೆಕೆಂಡು ಎಂದಿತು. ಮತ್ತೆ ಮುಚ್ಚಿದೆ, ಸದ್ದಡಗಿತು. ಸದ್ದಡಗಿದರೆ ಕಾರ್ಡು ಬಿಟ್ಟುಕೊಟ್ಟಿತೆಂದೇ ನನ್ನ ಲೆಕ್ಕ. ಕೀಲಿಗಳನ್ನು ಎಣಿಸಿ ಒತ್ತಿ, ಅವಳ ಮೊಣಕೈ ಮುಟ್ಟಿದೆ.

ಹಾಡಿದಳು. ಮೈಕಿನ ದನಿ ಕಂಪ್ಯೂಟರನ್ನು ಮುಟ್ಟದೆ, ಸೌಂಡ್ ಮಿಕ್ಸರಿನಿಂದ ನೇರವಾಗಿ ಹೆಡ್‌ಫೋನಿನಲ್ಲಿ ನನ್ನ ಕಿವಿಗೆ ಬರುತ್ತಿತ್ತು. ಉಸಿರು ಮೈಕಿಗೆ ಬಡಿಯುತ್ತದೆಯೋ, ಕೆಳಗೆ ಆಟೋ ಬಂತೋ ಎಂಬುದರಲ್ಲೇ ನಾನಿದ್ದೆ. ನಡುವೆ ಕಾಂತಾಳ ಬಳೆ ಸದ್ದಾಯಿತು, ಏನೋ ಹೇಳಲು ಉಸಿರೆಳೆದಳು. ತುಟಿಯ ಮೇಲೆ ಬೆರಳಿಟ್ಟು ಗದರುವಂತೆ ತಲೆ ಅಲ್ಲಾಡಿಸಿದೆ. ಸುಮ್ಮನಾದಳು. ಕೊನೆಗೆ ದನಿ ಒಡೆದು ಬರೀ ಗಾಳಿ ಉಳಿಯಿತು, ಆದರೂ ಮುದುಕಿ ಪದ ಮುಗಿಸಿದಳು. ನಾನು ಎಣಿಸಿ ಕೀಲಿ ಒತ್ತಿ, ಹೆಸರು ಕೊಟ್ಟು, ಯಂತ್ರ ಆರಿಸಿದೆ.

ಮರುದಿನ ಬೆಳಗ್ಗೆ ಕ್ಯಾಸೆಟ್ಟಿಗೆ ಇಳಿಸಲು ಕೂತೆ. ಇದ್ದದ್ದು ಆ ಎಂಟು ಸೆಕೆಂಡು ಮಾತ್ರ. ನಾಲ್ಕು ಸಲ ಹುಡುಕಿದೆ. ವಾಚಾಳಿ ಬಾಯಿ ಮುಚ್ಚಿತ್ತೇ ಹೊರತು ಕಾರ್ಡು ಬಿಟ್ಟಿರಲಿಲ್ಲ. ಕಾರ್ಡು ಸಿಗಲಿಲ್ಲವೆಂದು ರೆಕಾರ್ಡಿಂಗ್ ಪರದೆಯ ಮೇಲೆ ಒಂದು ಸೂಚನೆ ಹಾಕಿರಬೇಕು, ಅದನ್ನು ಓದಿ ಹೇಳುವವರು ಯಾರೂ ಇರಲಿಲ್ಲ. ನಾನು ಒತ್ತಿದ ಕೀಲಿಗಳೆಲ್ಲ ನೀರುಪಾಲಾಗಿದ್ದವು.

ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಸಾವಂತ್ರವ್ವನನ್ನು ಆಪರೇಶನ್ನಿಗೆ ಒಳಗೆ ಕರೆದುಕೊಂಡು ಹೋಗಿ ಒಂದು ತಾಸಾಗಿತ್ತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಕಾಂತಾಳಿಗೆ ಸುತ್ತಿಬಳಸದೆ ಹೇಳಿದೆ.

"ಪದಾ ಚಾಲೂ ಆಗೂಕಿಂತ ಮೊದ್ಲಽ ಟೀವ್ಯಾಗ ಒಂದ ಚೌಕಾ ಬಂದಿತ್ರಿ," ಎಂದಳು. "ಇಂಗ್ಲಿಷ್‌ನ್ಯಾಗ ಇತ್ತು. ಅದು ಹೋಗಲಿಲ್ಲಂತ, ನಡುವ ಹೇಳಾಕ ಬಾಯಿ ತಗದೆ. ನೀವಽ ಬ್ಯಾಡ ಅಂದ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಕೂಸು ಹುಟ್ಟಿದ ಮೇಲೆ ಅವಳೇ ಹೇಳಿಕಳಿಸಿದಳು: ಹೆಸರಿಡುವ ದಿನ ಇದ್ದಷ್ಟನ್ನೇ ತರ್ರಿ. ಕ್ಯಾಸೆಟ್ಟು ಹಿಡಿದು ಖಾನಾಪುರದ ಬಸ್ಸು ಹತ್ತಿದೆ. ನನ್ನನ್ನು ತೊಟ್ಟಿಲ ಬಾಜೂಕ್ಕೇ ಕೂಡಿಸಿದರು. ಆಚೆ ಸಾವಂತ್ರವ್ವ ಕೂತಿದ್ದಳು. ಅವಳ ಉಸಿರು ಈಗ ಬಾಯಿಂದಲ್ಲ, ಕುತ್ತಿಗೆಯಿಂದ ಬರುತ್ತಿತ್ತು. ಹೆಂಗಸರು ಸುಮ್ಮನಾದರು. ಟೇಪು ಹಚ್ಚಿದೆ.

"ಈಗ ಹಾಡ್ಲೇನೋ ಯಪ್ಪಾ?"

"ಇನ್ನಾ ಇಲ್ಲ, ತಡೀರಿ. ನಾ ಮೊಣಕೈ ಮುಟ್ಟಿದಾಗ ಹಾಡ್ರಿ."

ಮುಂದೆ ಖಾಲಿ ಟೇಪು ಓಡಿತು. ಯಾರೂ ಅದನ್ನು ನಿಲ್ಲಿಸಲಿಲ್ಲ.

ಆಗ ಒಂದು ಒರಟು ಕೈ ನನ್ನ ಮೊಣಕೈ ಮುಟ್ಟಿತು. ಸಾವಂತ್ರವ್ವನದು. ಮತ್ತೊಮ್ಮೆ ಮುಟ್ಟಿತು. ಕಾಂತಾ ಅದನ್ನು ಬಾಯಿಗೆ ತರುವಂತಿಲ್ಲ; ತನ್ನ ಪದವನ್ನು ಕೊನೆಯ ಸಲ ಕಿವಿತುಂಬ ಕೇಳಿದ ಬೇರೊಬ್ಬನೆಂದರೆ ನಾನೇ, ನಾನಾದರೂ ಹಾಡಲಿ ಎಂದು ಅವಳ ಆಸೆ. ಬಾಯಿ ತೆರೆದೆ. ಅವಳ ಉಸಿರು ನೆನಪಿತ್ತು, ಕೆಳಗಿನ ಆಟೋ ನೆನಪಿತ್ತು. ಪದದ ಒಂದು ಸಾಲೂ ನೆನಪಿರಲಿಲ್ಲ.