ಡಾಲಿ ಬಾಯಿ ತಪ್ಪಾಗಿ ಹೇಳಿದ ಕಥೆ

ಡಾಲಿ ಬಾಯಿ ಒಂದು ಕಥೆಯನ್ನು ಮೊದಲಿಂದ ಕೊನೆಯವರೆಗೆ ಸರಿಯಾಗಿ ಹೇಳಿದ್ದನ್ನು ಕೇಳಿದವರು ನಮ್ಮ ಫಳ್ನೀರಿನ ಓಣಿಯಲ್ಲಿ ಯಾರೂ ಇರಲಿಲ್ಲ. ನೆರೆಮನೆಯ ಮದುವೆಯ ಸುದ್ದಿ ಹೇಳಹೊರಟರೆ ವಧುವಿನ ಹೆಸರು ವರನ ತಂಗಿಗೆ ಅಂಟಿಕೊಳ್ಳುತ್ತಿತ್ತು. ಇಗರ್ಜಿಯ ಪ್ರವಚನವನ್ನು ವಿವರಿಸತೊಡಗಿದರೆ ಪಾದ್ರಿಗಳು ಆಡದ ಮಾತುಗಳೇ ಮುಂದಾಗಿ ಬರುತ್ತಿದ್ದವು. ಸಿನಿಮಾದ ಕಥೆಯನ್ನಂತೂ ಕೇಳುವುದೇ ಬೇಡ, ಮಧ್ಯಂತರಕ್ಕೆ ಮೊದಲೇ ಸತ್ತವನು ಕೊನೆಯ ಹಾಡಿನಲ್ಲಿ ಎದ್ದು ಬಂದು ಕುಣಿಯುತ್ತಿದ್ದ. ಕೇಳುತ್ತಿದ್ದವರು ತಡೆಯಲಾರದೆ ತಿದ್ದುತ್ತಿದ್ದರು. ತಿದ್ದಿದೊಡನೆ ಡಾಲಿ ಬಾಯಿ ಹಣೆಗೆ ಕೈ ಬಡಿದುಕೊಂಡು, "ಹೌದಾ? ನನಗೆ ಎಲ್ಲ ಮರೆತೇ ಹೋಗುದು ಮಾರಾಯ್ರೆ. ಹಾಗಾದ್ರೆ ನೀವೇ ಹೇಳಿ ನೋಡುವ" ಎಂದು ಸುಮ್ಮನಾಗುತ್ತಿದ್ದರು. ಅಲ್ಲಿಂದ ಮುಂದಕ್ಕೆ ಕಥೆ ತಿದ್ದಿದವರದ್ದು.

ಕುಳ್ಳಗಿನ, ದುಂಡನೆಯ ಹೆಂಗಸು. ನಡೆದರೆ ಹೆಜ್ಜೆಯ ಸದ್ದಿಲ್ಲ. ಜೀವಮಾನವಿಡೀ ಮಲಗಿದವರ ಮಂಚಗಳ ನಡುವೆ ಓಡಾಡಿದ ಕಾಲುಗಳಿಗೆ ನೆಲವನ್ನು ಎಚ್ಚರಿಸದೆ ದಾಟುವ ವಿದ್ಯೆ ತಾನಾಗಿ ಸಿದ್ಧಿಸಿತ್ತು. ಮಂಗಳೂರಿನ ಮೇ ತಿಂಗಳಿನಲ್ಲಿ, ಕಾಗೆಗಳೂ ಬಾಯಿ ತೆರೆದುಕೊಂಡು ಕೂರುವ ಮಧ್ಯಾಹ್ನದಲ್ಲಿ, ಅವರ ಮೈಮೇಲೆ ನೀಲಿ ಉಣ್ಣೆಯ ಸ್ವೆಟರ್ ಇರುತ್ತಿತ್ತು. ಕುವೈತಿನ ಆಸ್ಪತ್ರೆಯ ಏಸಿಯ ಚಳಿಗೆಂದು ಯೌವನದಲ್ಲಿ ಕೊಂಡದ್ದು. ಅಲ್ಲಿನ ನರ್ಸ್ ಕೆಲಸ ಬಿಟ್ಟು ಬಂದು, ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದ ಮೇಲೂ ಅದನ್ನು ಕಳಚಲಿಲ್ಲ. "ಸೆಕೆ ಆಗುದಿಲ್ವಾ ಬಾಯಿ?" ಎಂದರೆ, "ಆಗ್ತದೆ. ಆದ್ರೆ ಇದಕ್ಕೆ ಎರಡು ಕಿಸೆ ಉಂಟಲ್ಲ" ಎನ್ನುತ್ತಿದ್ದರು. ಆ ಕಿಸೆಗಳಲ್ಲಿ ಜಪಸರ, ಶುಂಠಿ ಪೆಪ್ಪರ್‌ಮಿಂಟು, ಬ್ಯಾಂಡೇಜಿನ ಸುರುಳಿ, ಯಾರದೋ ಮನೆಯ ಬೀಗದ ಕೈ, ಎಲ್ಲವೂ ಸೌಹಾರ್ದದಿಂದ ವಾಸಿಸುತ್ತಿದ್ದವು.

ಅವರನ್ನು ನಾನು ಮೊದಲು ಕಂಡದ್ದು ಅದೇ ಆಸ್ಪತ್ರೆಯಲ್ಲಿ. ಆಗ ನಮ್ಮ ಮನೆ ಕದ್ರಿಯಲ್ಲಿತ್ತು. ನನ್ನ ತಾಯಿ ಅಮ್ಮಣಿಯವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ, ಗಾಯ ಮಾಯುತ್ತ ಬಂದಿದ್ದರೂ ಅಮ್ಮ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದರು. ಅನ್ನ ಬೇಡ, ಮಾತು ಬೇಡ, ಮಗ ಬೇಡ. ದೇಹ ತನ್ನ ಕೆಲಸ ಮಾಡಿದೆ, ಇನ್ನು ಮನಸ್ಸು ಒಪ್ಪಬೇಕು ಎಂದು ವೈದ್ಯರು ಹೇಳಿ ಹೋಗಿದ್ದರು. ಕನ್ನಡ ಕಲಿಸುವ ಮೇಷ್ಟ್ರಾದ ನನ್ನ ಬಳಿ ಸಮಾಧಾನದ ಮಾತುಗಳಿಗೇನೂ ಬರವಿರಲಿಲ್ಲ, ಒಂದೂ ತಾಗಲಿಲ್ಲ. ಆಗ ಗಂಜಿಯ ಬಟ್ಟಲು ಹಿಡಿದು ಬಂದ ಈ ನರ್ಸಮ್ಮ, ರೋಗಿಯ ಕಡೆ ನೋಡದೆ, ಕಿಟಕಿಯ ಪರದೆ ಸರಿಮಾಡುತ್ತ ತನ್ನಷ್ಟಕ್ಕೆ ಎಂಬಂತೆ ನುಡಿದರು:

"ನಾಳೆ ಮನೆಗೆ ನೆಂಟರು. ಬಂಗುಡೆ ಪುಳಿಮುಂಚಿ ಮಾಡ್ಬೇಕು. ಹುಳಿ ಹಾಕ್ಲಿಕ್ಕೆ ಇಲ್ಲ ಅಲ್ವಾ ಅಮ್ಮ ಅದಕ್ಕೆ? ಟೊಮೆಟೊ ಸಾಕಲ್ಲ?"

ಗೋಡೆಯ ಕಡೆಯಿಂದ ತುಕ್ಕು ಹಿಡಿದ ತಿರುಗಣಿ ತಿರುಗಿದಂತೆ, ಅಮ್ಮನ ಧ್ವನಿ ಬಂತು. "ಪುಳಿ ಪಾಡಂದೆ ಪುಳಿಮುಂಚಿಯಾ?" ಹುಳಿ ಹಾಕದ ಪುಳಿಮುಂಚಿ! ಹುಳಿಯಿಂದಲೇ ಹೆಸರು ಪಡೆದ ಮೀನುಸಾರಿಗೆ ಹುಳಿಯೇ ಇಲ್ಲ! ಆ ಅನ್ಯಾಯವನ್ನು ಸಹಿಸಿಕೊಂಡು ಮಲಗಿರುವುದು ಅಮ್ಮನಿಂದ ಆಗಲಿಲ್ಲ. ಈ ಕಡೆ ತಿರುಗಿದರು. ಮೆಣಸು ಹುರಿಯುವಲ್ಲಿಂದ ಆರಂಭಿಸಿದರು. ಮೆಂತೆಯ ಬಳಿಗೆ ಬರುವಷ್ಟರಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ನಡುನಡುವೆ ಬಾಯಿಗೆ ಬಂದ ಗಂಜಿಯ ಚಮಚವನ್ನು ಅವರು ಗಮನಿಸಲೂ ಇಲ್ಲ. ಮರುದಿನ ಡಾಲಿ ಬಾಯಿ ಬರೀ ಅಕ್ಕಿಯ ನೀರುದೋಸೆಗೆ ಉದ್ದು ಹಾಕುವ ಪ್ರಸ್ತಾಪದೊಂದಿಗೆ ಬಂದರು. ಮನೆಗೆ ಮರಳುವ ದಿನ ಅಮ್ಮ ಆಟೋದಲ್ಲಿ ಕುಳಿತು ನಿಟ್ಟುಸಿರುಬಿಟ್ಟರು. "ಪಾಪ, ಎಷ್ಟು ಒಳ್ಳೆಯ ಹೆಂಗಸು. ಒಂದು ಸಾರು ಮಾಡ್ಲಿಕ್ಕೂ ಬರುದಿಲ್ಲ ಅದಕ್ಕೆ."

ಅಮ್ಮ ಆಮೇಲೆ ಬಹಳ ವರ್ಷ ನಮ್ಮೊಡನಿದ್ದರು. ನಾನೂ ಆ ಮಾತನ್ನು ನಂಬಿಕೊಂಡೇ ಇದ್ದೆ. ಫಳ್ನೀರಿಗೆ ಮನೆ ಬದಲಿಸಿದಾಗ ನಮ್ಮ ಮೇಲಿನ ಮಹಡಿಯಲ್ಲಿ ಇದ್ದವರು ಡಾಲಿ ಬಾಯಿಯೇ ಎಂದು ತಿಳಿಯಿತು. ಮೊದಲ ಭಾನುವಾರವೇ ಊಟಕ್ಕೆ ಕರೆದರು. ಬಂಗುಡೆ ಪುಳಿಮುಂಚಿ ಬಡಿಸಿದರು. ಅಮ್ಮನ ಕೈಯಡುಗೆಯ ಅಭಿಮಾನವನ್ನು ಬದಿಗಿಟ್ಟು ಹೇಳುತ್ತೇನೆ, ಅಂಥ ಪುಳಿಮುಂಚಿಯನ್ನು ನಾನು ಹಿಂದೆಯೂ ತಿಂದಿಲ್ಲ, ಮುಂದೆಯೂ ತಿನ್ನಲಾರೆ. ತಲೆಯೆತ್ತಿ ಅವರ ಮುಖ ನೋಡಿದೆ. ಡಾಲಿ ಬಾಯಿ ಅನ್ನದ ಪಾತ್ರೆಯ ಮುಚ್ಚಳ ಹುಡುಕುತ್ತಿದ್ದರು.

ಅವರ ಗಂಡ ಪ್ರೇಮ್ ಮಸ್ಕತ್ತಿನ ಬಂದರಿನಲ್ಲಿ ಉಗ್ರಾಣ ನೋಡಿಕೊಂಡಿದ್ದವರು. ನೀಳಕಾಯ, ತೀಡಿದ ಮೀಸೆ. ಪ್ರೀತಿಯೆಲ್ಲ ಥ್ರಿಲ್ಲರ್ ಚಿತ್ರಗಳ ಮೇಲೆ. ಕೊಲೆ ಯಾರು ಮಾಡಿದರೆಂಬುದು ಎಲ್ಲರಿಗಿಂತ ಮೊದಲು ಅವರಿಗೆ ಗೊತ್ತಾಗಬೇಕು, ಗೊತ್ತಾದದ್ದನ್ನು ಯಾರಿಗೂ ಹೇಳದೆ ಮೀಸೆಯಲ್ಲೇ ನಗಬೇಕು. ಮದುವೆಯಾದ ಹೊಸತರಲ್ಲಿ ಹಂಪನಕಟ್ಟೆಯ ಟಾಕೀಸಿನಲ್ಲಿ ಇಬ್ಬರೂ ನೋಡಿದ 'ಆಖ್ರೀ ಸೀಟೀ', ಅಂದರೆ 'ಕೊನೆಯ ಸೀಟಿ', ಎಂಬ ಹಿಂದಿ ಚಿತ್ರ ಅವರಿಗೆ ಸರ್ವಕಾಲಕ್ಕೂ ಸರ್ವಶ್ರೇಷ್ಠ. ಅದರ ಡಿಸ್ಕನ್ನು ತರಿಸಿಕೊಂಡು ಪ್ರತಿ ವರ್ಷ ತಮ್ಮ ಮದುವೆಯ ದಿನ ಹಾಕುತ್ತಿದ್ದರಂತೆ.

ಅಂಥವರ ಕಣ್ಣಿಗೇ ಗ್ಲಾಕೋಮಾ ಬಂತು. ನೋಟದ ಅಂಚುಗಳಿಂದ ನಸುಗತ್ತಲೆ ನುಸುಳಿ ಬಂದು ನಟ್ಟನಡುವನ್ನೂ ಮುಚ್ಚಿತು. ಪ್ರೇಮ್ ಅತ್ತವರಲ್ಲ, ರೇಗಿದವರಲ್ಲ. ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಮಾತು ನಿಲ್ಲಿಸಿದರು, ಅಷ್ಟೆ. ಟೀವಿ ಹಾಕಿದರೆ ಎದ್ದು ಹೋಗುವರು. ಡಿಸ್ಕುಗಳನ್ನೆಲ್ಲ ಯಾರಿಗಾದರೂ ಕೊಟ್ಟುಬಿಡು ಎಂದರು. ಮೆಟ್ಟಿಲಿಳಿಯುವುದು ನಿಂತಿತು, ಇಗರ್ಜಿಗೆ ಹೋಗುವುದೂ ನಿಂತಿತು. ತಿಂಗಳುಗಟ್ಟಲೆ ಆ ಮನೆಯಲ್ಲಿ ಡಾಲಿ ಬಾಯಿಯ ಧ್ವನಿಯೊಂದೇ ಕೇಳುತ್ತಿತ್ತು. ಅದರಲ್ಲೂ ಒಂದು ಬಗೆಯ ದಣಿವು ಸೇರಿಕೊಂಡದ್ದು ಕೆಳಗಿನ ಮಹಡಿಯ ನನಗೆ ತಿಳಿಯುತ್ತಿತ್ತು. ತಪ್ಪು ಹೇಳಿದರೂ ತಿದ್ದದ ಮನುಷ್ಯನ ಮುಂದೆ ಆ ಹೆಂಗಸು ಮೊದಲ ಬಾರಿಗೆ ಸೋಲುತ್ತಿದ್ದರು.

ಆ ದಿನಗಳಲ್ಲಿ ಒಂದು ಸಂಜೆ ಅವರು ಮಾರ್ಕೆಟಿನಿಂದ ಬರುವಾಗ ಸ್ವೆಟರಿನ ಎದೆಭಾಗ ಅಲುಗುತ್ತಿತ್ತು. ಎಳನೀರಿನ ಗಾಡಿಯ ಕೆಳಗೆ ಸಿಕ್ಕಿದ ನಾಯಿಮರಿ. ಕೆಂದುಬಣ್ಣ, ಒಂದು ಕಿವಿ ಹರಿದಿತ್ತು. ಗಾಯ ತೊಳೆಯಲು ಹಿಡಿದುಕೊಳ್ಳಿ ಎಂದು ನನ್ನನ್ನು ಕರೆದರು. ಮದ್ದು ಹಚ್ಚಿ, ಹಾಲು ಕುಡಿಸಿ, ಮರಿಯನ್ನು ನೇರವಾಗಿ ಗಂಡನ ಮಡಿಲಿಗೆ ಹಾಕಿದರು. ಪ್ರೇಮ್ ಬೆಚ್ಚಿದರು, ಆದರೆ ಬೀಳದಂತೆ ಕೈ ಅಡ್ಡ ಹಿಡಿದರು.

"ಇದಕ್ಕೊಂದು ಹೆಸರು ಇಡ್ಬೇಕು ಮಾಷ್ಟ್ರೆ," ಎಂದರು ಡಾಲಿ ಬಾಯಿ ನನ್ನ ಕಡೆ ತಿರುಗಿ. ನನ್ನ ಎದುರು ಅವರು ಕನ್ನಡದಲ್ಲೇ ಮಾತಾಡುವರು. "ನಾನು ಎಣಿಸಿದ್ದು, ನಮ್ಮ ಆ ಫಿಲ್ಮ್ ಉಂಟಲ್ಲ, 'ಆಖ್ರೀ ಸೀಟೀ', ಅದರ ಇನ್ಸ್‌ಪೆಕ್ಟರನ ಹೆಸರು ಇಡುದು. ಕುಲಕರ್ಣಿ."

ಕುರ್ಚಿಯಲ್ಲಿ ಪ್ರೇಮ್ ಮರಿಯ ಬೆನ್ನು ಸವರುತ್ತಿದ್ದರು. ಡಾಲಿ ಬಾಯಿ ನನ್ನೊಡನೆಯೇ ಮುಂದುವರಿಸಿದರು.

"ಒಳ್ಳೆ ಹೀರೋ. ಕೊಲೆ ಮಾಡಿದವನನ್ನು ಓಡುವ ಟ್ರೇನಿನಲ್ಲಿ ಹಿಡೀತಾನೆ. ನೀವು ನೋಡ್ಲಿಲ್ವಾ ಮಾಷ್ಟ್ರೆ? ಕೊಲೆ ಮಾಡಿದ್ದು ಆ ಅಡುಗೆಯವಳು."

"ಯಾವ ಅಡುಗೆಯವಳು?"

ಆ ಧ್ವನಿಯನ್ನು ನಾನು ಎಷ್ಟೋ ದಿನಗಳಿಂದ ಕೇಳಿರಲಿಲ್ಲ. ಒರಟಾಗಿತ್ತು.

"ಆ ಫಿಲ್ಮಿನಲ್ಲಿ ಅಡುಗೆಯವಳೇ ಇಲ್ಲ ಡಾಲಿ. ಟ್ರೇನೂ ಇಲ್ಲ. ಎಲ್ಲ ಆಗುದು ಬಂದರಿನ ಡಾಕಿನಲ್ಲಿ, ಗೋಡೌನಿನ ಒಳಗೆ. ಮತ್ತೆ ಅವನು ಕುಲಕರ್ಣಿ ಅಲ್ಲ, ಕರ್ನಿಕ್."

"ಹೌದಾ? ನನಗೆ ಎಲ್ಲ ಮರೆತೇ ಹೋಗುದು. ಹಾಗಾದ್ರೆ ಕರ್ನಿಕ್ ಅಂತಲೇ ಇಡುವ."

"ಕರ್ನಿಕ್ ಎಂತಕ್ಕೆ? ಅವ ಎಂತ ಮಾಡಿದ? ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬಂದ. ಹುಡುಗಿಯನ್ನು ಉಳಿಸಿದ್ದು ಯಾರು?"

"ಯಾರು? ಲೈಟ್‌ಹೌಸಿನವನಾ?"

"ವಾಚ್‌ಮನ್, ಮಾರಾಯ್ತಿ! ವಾಚ್‌ಮನ್!" ಪ್ರೇಮ್ ಕುರ್ಚಿಯ ಅಂಚಿಗೆ ಬಂದಿದ್ದರು, ಮರಿಯ ಬೆನ್ನ ಮೇಲೆ ಒಂದು ಕೈ, ಇನ್ನೊಂದು ಕೈ ಗಾಳಿಯಲ್ಲಿ ಗೋಡೌನು ಕಟ್ಟುತ್ತಿತ್ತು. "ಇಡೀ ಫಿಲ್ಮಿನಲ್ಲಿ ಅವನನ್ನು ಒಬ್ಬನೂ ಹೆಸರು ಹಿಡಿದು ಕರೆಯುದಿಲ್ಲ. ಏಯ್ ಅಂತಾರೆ, ಅಷ್ಟೆ. ಕಡೆಗೆ ಲೈಟ್ ಹೋಗ್ತದೆ. ಹುಡುಗಿ ಒಳಗೆ, ಕೊಲೆಗಾರ ಒಳಗೆ. ಇವನಿಗೆ ಓಡಿ ಹೋಗ್ಬಹುದಿತ್ತು. ಓಡುದಿಲ್ಲ. ಕತ್ತಲೆಯಲ್ಲಿ ನಿಂತು ಸೀಟಿ ಊದ್ತಾನೆ. ಆ ಶಬ್ದದ ಕಡೆಗೆ ಹುಡುಗಿ ಬರ್ತಾಳೆ, ಬರ್ತಾಳೆ, ಬಾಗಿಲು ಸಿಗ್ತದೆ. ಕಡೆಗೆ ಅವಳೇ ಕೇಳುದು, ನಿನ್ನ ಹೆಸರು ಎಂತ ಅಂತ. ಆಗ ಅವ ಹೇಳ್ತಾನೆ. ಧೋಂಡು."

ಹೇಳಿ ಮುಗಿಸಿದವರು ತಾವೇ ಆ ಹೆಸರನ್ನು ಕೇಳಿಸಿಕೊಂಡವರಂತೆ ಮಡಿಲಿನ ಕಡೆ ಬಾಗಿ ಮೆಲ್ಲನೆ ಕರೆದರು, "ಧೋಂಡು." ಮರಿ ಅವರ ಹೆಬ್ಬೆರಳನ್ನು ಕಚ್ಚಿತು. ಡಾಲಿ ಬಾಯಿ ಹಾಲಿನ ಬಟ್ಟಲು ತೊಳೆಯಲೆಂದು ಒಳಗೆ ಹೋದವರು ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡೇ ನಿಂತಿದ್ದರು.

ಹೆಸರು ಓಣಿಯಲ್ಲಿ ಸಾಕಷ್ಟು ಪೆಟ್ಟು ತಿಂದಿತು. ಮೀನು ತರುವ ಜಯಕ್ಕನ ಬಾಯಲ್ಲಿ ಅದು ದೊಂಡೆಯಾಯಿತು. ತುಳುವಿನಲ್ಲಿ ಹಾಗೆಂದರೆ ಗಂಟಲು. "ಅದರ ಬೊಬ್ಬೆಗೆ ಸರಿಯಾದ ಹೆಸರೇ ಇಟ್ಟಿದ್ದೀರಿ ಬಾಯಿ," ಎಂದಳು ಆಕೆ. ಬೊಬ್ಬೆ ಸುಳ್ಳಾಗಿರಲಿಲ್ಲ. ಬೀದಿನಾಯಿ ಸಾಕುವುದು ಬೇಡವೆಂದು ಕೆಲವರು ದೂರು ಕೊಟ್ಟಿದ್ದರಿಂದ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ ಮುಖೇಶ್ ಭಾನುವಾರ ಸಭೆ ಕರೆದರು. ಅಂದು ಬೆಳಿಗ್ಗೆ ಡಾಲಿ ಬಾಯಿ ಗಂಡನಿಗೆ ಹೇಳುತ್ತಿದ್ದದ್ದು ಮೆಟ್ಟಿಲವರೆಗೂ ಕೇಳುತ್ತಿತ್ತು: "ನೀವು ಬರುದು ಬೇಡ ಪ್ರೇಮ್. ನಾನೇ ಮಾತಾಡ್ತೇನೆ. ಇದರ ಅಪ್ಪ ಅಲ್ಸೇಶನ್ ಅಂತ ಹೇಳ್ತೇನೆ. ಹೆಸರು ಕೇಳಿದ್ರೆ ಲೈಟ್‌ಹೌಸಿನವನ ಕಥೆ ಹೇಳ್ತೇನೆ."

"ನೀನು ಹೇಳಿ ಎಲ್ಲ ಹಾಳು ಮಾಡುದು ಬೇಡ," ಎಂಬ ಉತ್ತರ ಬಂತು. "ನನ್ನ ಚಪ್ಪಲಿ ಎಲ್ಲಿ ಉಂಟು?"

ಹೀಗೆ ಆ ಮನುಷ್ಯ ಎಷ್ಟೋ ತಿಂಗಳ ಬಳಿಕ, ಒಂದು ಕೈಯಲ್ಲಿ ಮೆಟ್ಟಿಲ ಸರಳು, ಇನ್ನೊಂದರಲ್ಲಿ ನಾಯಿಮರಿ ಹಿಡಿದು, ಕಾರು ನಿಲ್ಲಿಸುವ ತಳಮಹಡಿಗೆ ಇಳಿದು ಬಂದರು. ಡಾಲಿ ಬಾಯಿ ಎರಡು ಮೆಟ್ಟಿಲು ಹಿಂದೆ ಇದ್ದರು, ಮುಟ್ಟಲಿಲ್ಲ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗುಜುಗುಜು ನಿಂತಿತು. ಇದು ಬೀದಿಯದ್ದೇ, ಅಲ್ಸೇಶನ್ ಅಲ್ಲ, ಎಂದು ಪ್ರೇಮ್ ಮೊದಲೇ ಒಪ್ಪಿಕೊಂಡರು. ಚುಚ್ಚುಮದ್ದು ಆಗಿದೆ, ಬೊಬ್ಬೆ ಕಡಿಮೆ ಮಾಡಿಸುತ್ತೇನೆ ಎಂದರು.

ಮುಖೇಶ್ ಒಳ್ಳೆಯ ಮನುಷ್ಯ, ದಾಕ್ಷಿಣ್ಯಕ್ಕೆ ಏನಾದರೂ ಕೇಳಬೇಕೆಂದು, "ಎಂತ ಅಂಕಲ್ ಆ ಹೆಸರು?" ಎಂದು ಕೇಳಿಬಿಟ್ಟರು.

ಪ್ರೇಮ್ ಹೇಳತೊಡಗಿದರು. ಮೊದಲ ಕೊಲೆಯಿಂದಲೇ. ಎಲ್ಲಿ ತಡೆಯಬೇಕು, ಎಲ್ಲಿ ಧ್ವನಿ ತಗ್ಗಿಸಬೇಕು, ಯಾರ ಮೇಲೆ ಅನುಮಾನ ಹುಟ್ಟಿಸಿ ಬಿಟ್ಟುಬಿಡಬೇಕು ಎಂಬುದೆಲ್ಲ ಆ ಬಾಯಿಗೆ ಗೊತ್ತಿತ್ತು. ದೂರು ಕೊಟ್ಟ ಹೆಂಗಸರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಗೋಡೌನಿನ ಕತ್ತಲೆಯ ಹೊತ್ತಿಗೆ ಸಭೆಯ ಉದ್ದೇಶವನ್ನೇ ಎಲ್ಲರೂ ಮರೆತಿದ್ದರು. ನೀರಿನ ಪಂಪಿನವನು ಸ್ವಿಚ್ ಒತ್ತಲು ಬಂದು ಅಲ್ಲೇ ನಿಂತುಬಿಟ್ಟಿದ್ದ. "ಮತ್ತೆ? ಮತ್ತೆ ಎಂತ ಆಯ್ತು ಅಂಕಲ್?" ಎಂದವರು ಮುಖೇಶರೇ. ಧೋಂಡುವನ್ನು ಹೊರಗೆ ಹಾಕುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮುಂದಿನ ಭಾನುವಾರ ಬೇರೊಂದು ಚಿತ್ರದ ಕಥೆ ಆಗಬೇಕೆಂದು ಮಾತ್ರ ಸರ್ವಾನುಮತದ ತೀರ್ಮಾನವಾಯಿತು.

ಕಥೆ ಹೇಳುವವನಿಗೆ ಹೊಸ ಕಥೆ ಬೇಕಲ್ಲ. ಪ್ರೇಮ್ ಮತ್ತೆ ಸಿನಿಮಾಕ್ಕೆ ಹೊರಟರು. ಮೊದಲ ಸಲ ನನ್ನನ್ನೂ ಕರೆದೊಯ್ದರು. ಮಾಲ್‌ನ ಚಿತ್ರಮಂದಿರದ ಮಬ್ಬು ಬೆಳಕಿನಲ್ಲಿ ನಾನು ಡಾಲಿ ಬಾಯಿಯ ಪಕ್ಕ ಕುಳಿತೆ. ಚಿತ್ರ ಆರಂಭವಾದೊಡನೆ ಅವರು ಗಂಡನ ಕಿವಿಯ ಬಳಿ ಬಾಗಿ ಕೊಂಕಣಿಯಲ್ಲಿ ಪಿಸುಗುಟ್ಟತೊಡಗಿದರು. ನನಗೆ ಅರ್ಥವಾಗುವಷ್ಟು ಕೊಂಕಣಿ ಬರುತ್ತದೆ. ಅವರು ಹೇಳುತ್ತಿದ್ದದ್ದು ಹೀಗೆ: ಅವಳು ಬಾಗಿಲ ಕಡೆ ನೋಡುತ್ತಿದ್ದಾಳೆ. ಕೈಯಲ್ಲಿ ಕತ್ತರಿ, ಹಿಡಿ ಕಪ್ಪು. ನಗುತ್ತಿದ್ದಾಳೆ, ಕಣ್ಣು ನಗುತ್ತಿಲ್ಲ. ಹಿಂದೆ ಪರದೆ ಅಲುಗಿತು, ಗಾಳಿ ಇಲ್ಲ. ಮುಂದಿನ ಸಾಲಿನ ಒಬ್ಬ ತಿರುಗಿ "ಶ್!" ಎಂದ, ಡಾಲಿ ಬಾಯಿ ಧ್ವನಿಯನ್ನು ಇನ್ನೂ ತಗ್ಗಿಸಿದರು, ನಿಲ್ಲಿಸಲಿಲ್ಲ. ಕೊನೆಯವರೆಗೂ ಅವರ ಮಾತಿಗೂ ತೆರೆಗೂ ಕೂದಲೆಳೆಯಷ್ಟು ವ್ಯತ್ಯಾಸವಿರಲಿಲ್ಲ. ಆ ಕತ್ತಲಲ್ಲಿ ಪ್ರೇಮ್ ಅವರ ಮೀಸೆ ನಕ್ಕದ್ದನ್ನು ಕಂಡೆ. ಕೊಲೆಗಾರ ಯಾರೆಂದು ಅವರಿಗೆ ತಿಳಿದುಹೋಗಿತ್ತು.

ಹೊರಗೆ ಪ್ರೇಮ್ ಐಸ್‌ಕ್ರೀಮಿನ ಮೇಜಿನ ಬಳಿ ಕುಳಿತಿರುವಾಗ ನಾನು ತಡೆಯಲಾರದೆ ಕೇಳಿದೆ: "ಬಾಯಿ, ಇವತ್ತು ನೀವು ಒಂದೂ ತಪ್ಪು ಹೇಳ್ಲಿಲ್ಲವಲ್ಲ?"

ಅವರು ನನ್ನನ್ನು ದಿಟ್ಟಿಸಿದರು. ಹಣೆಗೆ ಕೈ ಬಡಿದುಕೊಳ್ಳಲಿಲ್ಲ, ಮರೆವಿನ ನೆಪ ಹೇಳಲಿಲ್ಲ.

"ಅವರಿಗೆ ಗೊತ್ತಿರುವಲ್ಲಿ ನಾನು ತಪ್ಪಿದ್ರೆ ಅವರು ತಿದ್ದಬಹುದು ಮಾಷ್ಟ್ರೆ. ಇಲ್ಲಿ ತಪ್ಪಿದ್ರೆ ಅವರಿಗೆ ಬೇರೆ ದಾರಿ ಉಂಟಾ?"

ಅಷ್ಟು ಹೇಳಿ ಐಸ್‌ಕ್ರೀಮು ಕರಗುತ್ತದೆಂದು ಓಡಿದರು.

ಕಲಿಸುವ ವೃತ್ತಿಯಲ್ಲಿ ಇಡೀ ಆಯುಷ್ಯ ಕಳೆದ ನನಗೆ, ತಿಳಿದದ್ದನ್ನು ಹೇಳಿಬಿಡುವುದೇ ಉಪಕಾರವೆಂಬ ನಂಬಿಕೆಯಿತ್ತು. ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ತಮ್ಮ ಬಲ್ಲತನವನ್ನು ಬಾಗಿಲಲ್ಲೇ ಬಿಟ್ಟು ಒಳಬರುವವರು ವಿರಳ. ನೊಂದವನಿಗೆ ಧೈರ್ಯ ತುಂಬುವವರು ಎಷ್ಟೋ ಮಂದಿ. ನೊಂದವನ ಬಳಿ ಇನ್ನೂ ಉಳಿದಿರುವುದು ಏನೆಂದು ಹುಡುಕಿ, ಅದನ್ನು ತಾವು ಕೈಯೊಡ್ಡಿ ಬೇಡಿ ಪಡೆಯುವವರು ಕೆಲವೇ ಕೆಲವರು. ಅವರ ಮುಂದೆ ರೋಗಿ ರೋಗಿಯಾಗಿ ಉಳಿಯುವುದಿಲ್ಲ. ಕೊಡುವವನಾಗುತ್ತಾನೆ, ಕೊಟ್ಟ ಕೈ ತಾನಾಗಿ ಬಲಗೊಳ್ಳುತ್ತದೆ. ಇಂಥವರನ್ನು ಜನ ಮರೆಗುಳಿಗಳೆಂದು ನಗುತ್ತಾರೆ. ಅವರೂ ಜೊತೆಗೆ ನಗುತ್ತಾರೆ. ಅವರಿಂದ ಎದ್ದು ಕುಳಿತವರು ತಾವೇ ಎದ್ದೆವೆಂದುಕೊಂಡು ಮನೆಗೆ ಹೋಗುತ್ತಾರೆ. ಹಾಗೆ ಅಂದುಕೊಂಡು ಹೋಗಲಿ ಎಂಬುದೇ ಅವರ ಹಾರೈಕೆಯಾದ್ದರಿಂದ, ನಮ್ಮ ಕೃತಜ್ಞತೆ ಅವರನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ ಅವರು ಆಗಲೇ ಪಕ್ಕದ ಮಂಚದ ಬಳಿ ಇರುತ್ತಾರೆ.