ಎಡಗಡೆಯ ಸೀಟು

ಹಸಿರು ಚೌಕವೊಂದು ನೊಣದ ಹಾಗೆ ಹಾರಾಡುತ್ತಿದೆ, ಬೇಲಿಯಾಚೆ ಆಕಳಿಸುತ್ತಿರುವ ಗಂಡಸಿನ ಮುಖದ ಮೇಲೆ ಕೂತಿತು, ಅಲ್ಲಿಂದ ಮಗುವೊಂದರ ಮುಖಕ್ಕೆ, ಅಲ್ಲಿಂದ ಇನ್ನೆಲ್ಲಿಗೋ, ಇದಕ್ಕೊಂದು ನೆಲೆಯೇ ಇಲ್ಲವಲ್ಲ ಎಂದುಕೊಂಡಳು ಅವಳು, ಕ್ಯಾಮೆರಾ ಕಣ್ಣಿಂದ ಇಳಿಸಿ, ಮತ್ತೆ ಏರಿಸಿ — ಹೊಸ ಪಟ್ಟಿ ಕುತ್ತಿಗೆ ಕೆರೆಯುತ್ತಿದೆ, ಪರದೆಯ ಮೇಲಿನ ಪ್ಲಾಸ್ಟಿಕ್ ಹಾಳೆ ಇನ್ನೂ ಕಿತ್ತಿಲ್ಲ, ಸೋಫಾದ ಕವರ್ ಹರಿದು ಚಿಂದಿಯಾದರೂ ತೆಗೆಯೋಳಲ್ಲ ನೀನು ಎಂದು ಗಂಡ ನಗುತ್ತಿದ್ದ, ನಗುತ್ತಿದ್ದ ಕಾಲವೂ ಒಂದಿತ್ತು. ಅಂಗಡಿಯವನು ಹೇಳಿದ್ದ, ಮೇಡಂ ಇದು ತಾನೇ ಮುಖ ಹುಡುಕುತ್ತೆ, ಕಾರೊಳಗೆ ಕೂತವರನ್ನೂ ಬಿಡಲ್ಲ, ನೀವು ನೋಡೋ ಮೊದಲೇ ಅದು ನೋಡಿರುತ್ತೆ. ನೋಡಲಿ ಬಿಡು, ಅದಕ್ಕೇ ತಾನೇ ತಂದದ್ದು, ಅಕ್ಕನಿಗೂ ಹೇಳಿದ್ದು ಅಷ್ಟೇ, ಹೊಸ ಕ್ಯಾಮೆರಾ, ಹಳೇ ಕಾರುಗಳ ರೇಸ್, ಪರೀಕ್ಷೆ ಮಾಡೋಕೆ ಇದಕ್ಕಿಂತ ಒಳ್ಳೇ ಜಾಗ ಎಲ್ಲಿದೆ, ಅಕ್ಕ ಹೂಂ ಎಂದಳು, ಅವಳ ಕಣ್ಣು ಬಾಗಿಲ ಬಳಿಯ ಚೀಲದ ಮೇಲಿತ್ತು, ಫೋಟೋ ತೆಗೆಯೋಕೆ ಇಷ್ಟು ಬಟ್ಟೆ ಬೇಕೇನೇ. ಬೇಕು. ತಿಂಗಳುಗಟ್ಟಲೆ ಅಕ್ಕನ ಮನೆಯ ಮೂಲೆಯ ಕೋಣೆಯಲ್ಲಿ ಬಿದ್ದುಕೊಂಡದ್ದು ಸಾಕು, ರೇಸ್ ಮುಗಿದ ಕೂಡಲೇ ಗಂಡನ ಮುಂದೆ ಹೋಗಿ ನಿಲ್ಲುವುದು, ನಡಿ ಮನೆಗೆ ಹೋಗೋಣ ಅನ್ನುವುದು, ಹೆಚ್ಚು ಮಾತು ಬೇಡ, ಮಾತಿಗೆ ಮಾತು ಬೆಳೆಸಿಯೇ ಇಷ್ಟು ಕೆಟ್ಟದ್ದು.

ಫೋನಿನಲ್ಲಿ ಅವನ ದನಿ ಎಷ್ಟು ಸಣ್ಣಗಾಗಿತ್ತು, ನೀನು ಹೋದ ಮೇಲೆ ನಿನ್ನ ಸೀಟಲ್ಲಿ ಯಾರನ್ನೂ ಕೂರಿಸಿಲ್ಲ ಕಣೇ, ಒಬ್ಬನೇ ಓಡಿಸ್ತಿದ್ದೀನಿ, ಬಾ. ಆ ಒಂದು ಕಣೇಗೆ ಅವಳು ಕರಗಿ ನೀರಾಗಿದ್ದಳು, ಆದರೂ ಬಿಗುಮಾನ ಬಿಡಲಿಲ್ಲ, ರೇಸ್ ಆಗಲಿ ನೋಡೋಣ ಎಂದಳು, ಫೋನಿಟ್ಟು ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ಎಡಗಡೆಯ ಸೀಟು, ಚರ್ಮ ಹರಿದು ಸ್ಪ್ರಿಂಗು ಚುಚ್ಚುವ ಆ ದರಿದ್ರ ಸೀಟು, ಮುಂದಿನ ತಿರುವು ಎಡವೋ ಬಲವೋ, ಎಷ್ಟು ಬಿಗಿ, ಅವಳು ಕೂಗಿ ಹೇಳಬೇಕು, ಅವನು ಓಡಿಸಬೇಕು, ಕಾರಿನ ಹೆಸರು ಮುದುಕಿ, ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು, ನನ್ನ ಮಗನಿಗೆ ಇಬ್ಬರು ಹೆಂಡ್ತೀರು, ಮುದುಕಿ ಪೆಟ್ರೋಲ್ ಕುಡೀತಾಳೆ, ಇವಳು ಅವನ ಪ್ರಾಣ ಕುಡೀತಾಳೆ. ಮೊದಮೊದಲು ಎಡ ತಿರುವು ಬಂತೆಂದರೆ ಅವಳು ಬಲಕ್ಕೆ ಎಗರಿ ಅವನ ಹೆಗಲ ಮೇಲೆ ಬೀಳುತ್ತಿದ್ದಳು, ಸ್ಟೀರಿಂಗ್ ಹಿಡೀಲೋ ನಿನ್ನನ್ನ ಹಿಡೀಲೋ ಎಂದು ಅವನು ರೇಗುತ್ತಿದ್ದ, ತಿರುವಿಗೆ ಮುಂಚೆಯೇ ಒಳಕ್ಕೆ ವಾಲಬೇಕು, ಬಂದ ಮೇಲೆ ವಾಲಿದರೆ ತಡವಾಯಿತು, ಅದು ಹೇಳಿಕೊಟ್ಟರೆ ಬರುವಂಥದ್ದಲ್ಲ, ಅವನು ಬ್ರೇಕ್ ಒತ್ತುವುದು ಯಾವಾಗ, ಉಸಿರು ಹಿಡಿಯುವುದು ಯಾವಾಗ, ಎಲ್ಲ ಮೈಗೆ ಗೊತ್ತಾಗಬೇಕು, ಅವಳಿಗೆ ಒಂದು ವರ್ಷವೇ ಹಿಡಿಯಿತು. ಅದು ಮೈಗೆ ಬಂದ ದಿನ ಅವನು ಹೆಲ್ಮೆಟ್ ತೆಗೆದು ಅವಳನ್ನು ನೋಡಿ ನಕ್ಕ, ಮದುವೆ ಅಂದರೆ ಇದೇ ಇರಬೇಕು ಎಂದುಕೊಂಡಿದ್ದಳು, ಪೆದ್ದಿ.

ಬಂತು, ಮುದುಕಿಯ ಸದ್ದು, ನೂರು ಕಾರಿನ ನಡುವೆಯೂ ಗುರುತು ಸಿಗುವ ಆ ಕೆಮ್ಮು, ಕ್ಯಾಮೆರಾ ಏರಿಸಿದಳು, ಗಾಜಿನ ತುಂಬ ಬಿಸಿಲು, ಒಳಗೆ ಏನೂ ಕಾಣಿಸದು, ಚೌಕ ಮಾತ್ರ ನೇರ ಹೋಗಿ ಅವನ ಮೇಲೆ ಕೂತಿತು, ನನ್ನ ಜಾಣೆ ಅಂದುಕೊಳ್ಳುವಷ್ಟರಲ್ಲಿ ಅಲ್ಲಿಂದ ಹಾರಿ ಪಕ್ಕದ ಸೀಟಿಗೆ — ಎಡಗಡೆಯ ಸೀಟಿಗೆ — ಹೋಗಿ ಕೂತು ಅಲ್ಲೇ ಅಂಟಿಕೊಂಡಿತು, ಕಾರು ತಿರುವು ದಾಟಿ ಹೋಯಿತು. ಮುಖ ಹುಡುಕುತ್ತೆ ಮೇಡಂ. ಛೆ, ಯಂತ್ರ ತಾನೇ, ಸೀಟಿನ ಬೆನ್ನನ್ನೇ ಮುಖ ಅಂದುಕೊಂಡಿರಬೇಕು. ಪಕ್ಕದಲ್ಲಿ ಬಾವುಟ ಹಿಡಿದು ನಿಂತವನು ಹಳೇ ಪರಿಚಯ, ಎಷ್ಟೋ ರೇಸಿನಲ್ಲಿ ಇದೇ ತಿರುವಿನಿಂದ ಅವಳಿಗೆ ಕೈ ಬೀಸಿದವನು, ಅವನನ್ನೇ ಕೇಳಿದಳು, ಮುದುಕೀಲಿ ಯಾರಾದರೂ ಕೂತಿದ್ದಾರಾ. ಅವನು ಬಾವುಟದ ಬಟ್ಟೆ ಬಿಡಿಸಿದ, ಮತ್ತೆ ಸುತ್ತಿದ, ಅವಳ ಮುಖ ನೋಡಲಿಲ್ಲ. ಯಾರೋ ಹೊಸಬರು ಅಕ್ಕ, ಇವತ್ತೇ ಮೊದಲ ಸಲ ಕೂತಿದ್ದು, ನೀವು ಬರಲ್ಲ ಅಂದ್ಕೊಂಡಿರಬೇಕು ಅಣ್ಣ. ಹೌದು, ಹಾಗೇ ಇರಬೇಕು, ನೋಡೋಣ ಅಂದವಳು ತಾನೇ ತಾನು, ಬರುತ್ತೇನೆ ಅನ್ನಲಿಲ್ಲ, ತಪ್ಪು ತನ್ನದೇ, ಒಂದು ದಿನಕ್ಕೆ ಯಾರನ್ನೋ ಕೂರಿಸಿಕೊಂಡರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಹೊಸಬರು ಪಾಪ, ಎಡಕ್ಕೆ ತಿರುಗಿದರೆ ಬಲಕ್ಕೆ ಬಿದ್ದು ಅವನಿಂದ ಬೈಸಿಕೊಳ್ಳುತ್ತಿರಬೇಕು, ಇದನ್ನು ನೆನೆದು ಅವಳಿಗೆ ನಗುವೂ ಬಂತು.

ಎರಡನೇ ಸುತ್ತಿಗೆ ಗುಂಡಿ ಒತ್ತಿದ ಬೆರಳು ಎತ್ತಲಿಲ್ಲ, ಮೋಡ ಬಂದು ಗಾಜು ತಿಳಿಯಾಗಿತ್ತು, ಮುದುಕಿ ಹೋದ ಮೇಲೆ ಪರದೆಗೆ ಕೈ ಮರೆ ಮಾಡಿ ನೋಡಿದಳು, ದೊಡ್ಡದು ಮಾಡಿದಳು, ಇನ್ನೂ ದೊಡ್ಡದು, ಕಣ್ಣಿನ ರೆಪ್ಪೆಯೂ ಕಾಣುವಷ್ಟು ಚೊಕ್ಕವಾಗಿ ತೆಗೆದಿದೆ ಹಾಳು ಕ್ಯಾಮೆರಾ, ಒಬ್ಬ ಹೆಂಗಸು, ಚೆಲುವೆಯೋ ಅಲ್ಲವೋ ಅದಲ್ಲ, ಕಾರಿನ ಮುಂದಿನ ಗಾಲಿಗಳು ಇನ್ನೂ ನೆಟ್ಟಗಿವೆ, ತಿರುವು ಇನ್ನೂ ಬಂದೇ ಇಲ್ಲ, ಅವನ ತಲೆ ಒಳಕ್ಕೆ ವಾಲಿದೆ, ಅವಳ ತಲೆಯೂ ವಾಲಿದೆ, ಅಷ್ಟೇ ವಾಲಿದೆ. ಇವತ್ತೇ ಮೊದಲ ಸಲ ಅಕ್ಕ. ಕೆಲವರಿಗೆ ಬೇಗ ಬರಬಹುದು — ಇಲ್ಲ, ಅವನ ಪಕ್ಕ ಕೂತು ಯಾರಿಗೂ ಬೇಗ ಬರುವುದಿಲ್ಲ, ವರ್ಷ ಬೇಕು, ವರ್ಷದ ಹಿಂದೆ ತಾನಿನ್ನೂ ಆ ಮನೆಯಲ್ಲೇ ಇದ್ದಳು, ಭಾನುವಾರ ಬೆಳಿಗ್ಗೆ ಹೊದಿಕೆಯನ್ನು ಅವಳ ಭುಜದ ತನಕ ಎಳೆದು ಅವನು ಹೇಳುತ್ತಿದ್ದ, ನೀನು ಮಲಗು, ಮುದುಕೀನ ಒಂದು ಸುತ್ತು ಓಡಿಸ್ಕೊಂಡು ಬರ್ತೀನಿ, ಎಷ್ಟು ಪ್ರೀತಿ ಅಂದುಕೊಂಡು ಅವಳು ಮಲಗುತ್ತಿದ್ದಳು, ಮಗ್ಗುಲು ಬದಲಿಸಿ ಮಲಗುತ್ತಿದ್ದಳು. ನಿನ್ನ ಸೀಟಲ್ಲಿ ಯಾರನ್ನೂ ಕೂರಿಸಿಲ್ಲ ಕಣೇ. ಅಕ್ಕ ನೀರು ಕುಡೀತೀರಾ, ಯಾರು ಕೇಳುತ್ತಿರುವುದು, ಬಾವುಟದವನು, ಬೇಡ ಎನ್ನಬೇಕು, ಅಷ್ಟರಲ್ಲಿ ಮತ್ತೆ ಆ ಕೆಮ್ಮು, ಮೂರನೇ ಸುತ್ತು, ನೋಡಬಾರದು, ಕೈ ತಾನಾಗಿ ಏರುತ್ತಿದೆ, ಚೌಕ ಹುಡುಕಲೂ ಇಲ್ಲ, ನೇರ ಹೋಗಿ ಎಡಗಡೆಯ ಸೀಟಿನ ಮೇಲೆ ಕೂತಿತು, ಹುಲ್ಲಿನ ಮೇಲೆ ನಿಂತಲ್ಲೇ ತನ್ನ ತಲೆಯೂ ವಾಲಿತು, ಅಲ್ಲಿ ಎರಡು ತಲೆ, ತಿರುವು ಇನ್ನೂ ಬಂದಿಲ್ಲ, ಎರಡು ತಲೆ, ವಾಲಿವೆ, ತಿರುವು ಇನ್ನೂ ಬಂದಿಲ್ಲ, ಎರಡೂ —