ಕೋಟೆಗೋಡೆಯ ಮೇಲಿನ ಸೈನಿಕ

"ಒನ್ ಮೋರ್ ಮಾ. ಸಿರಿಪ್ಪು, ನಗು, ಸ್ವಲ್ಪ ಬೇಗ ಮುಗಿದೋಯ್ತು," ಎಂದ ಸೌಂಡ್ ಇಂಜಿನಿಯರ್ ಶಿವರಂಜನ್, ಗಾಜಿನ ಆಚೆಯಿಂದ.

ಭವಾನಿ ಒಂದು ಗುಟುಕು ಬಿಸಿನೀರು ಕುಡಿದು ಮತ್ತೆ ಮೈಕಿನ ಮುಂದೆ ನಿಂತಳು. ಪರದೆಯ ಮೇಲೆ ರಾಕ್ಷಸರಾಣಿ ವಜ್ರನಖಿ ಹತ್ತು ಬೆರಳಿಗೂ ತಗಡಿನ ಉಗುರು ಸಿಕ್ಕಿಸಿಕೊಂಡು ಬಾಯಿ ತೆರೆದಳು. ಆ ಬಾಯಿ ಮುಚ್ಚುವವರೆಗೂ ಭವಾನಿ ನಗಬೇಕಿತ್ತು. ನಕ್ಕಳು. ಶಿವರಂಜನ್ ಹೆಬ್ಬೆರಳು ಎತ್ತಿ ತೋರಿಸಿದ.

ವಡಪಳನಿಯ ಡಬ್ಬಿಂಗ್ ಥಿಯೇಟರುಗಳಲ್ಲಿ ಅವಳಿಗೆ ಅದು ಹದಿನಾಲ್ಕನೆಯ ವರ್ಷ. ದೇವಿಗೆ, ಅತ್ತೆಗೆ, ತೊಟ್ಟಿಲ ಕೂಸಿಗೆ ಎಲ್ಲಕ್ಕೂ ಕನ್ನಡದ ದನಿ ಕೊಟ್ಟಿದ್ದಳು. ಈ ಸಲದ್ದು ತಮಿಳಿನಲ್ಲಿ ತಯಾರಾದ ಕತ್ತಿವರಸೆಯ ಮಾಯಾಜಾಲದ ಕಥೆ. ಕಡಿಮೆ ಖರ್ಚಿನದು. ನಾಯಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಹಾರುತ್ತಿದ್ದ. ಹಗ್ಗ ಕಾಣದಿರಲೆಂದು ಹಿಂದೆ ಸಾಂಬ್ರಾಣಿ ಹೊಗೆ ಬಿಟ್ಟಿದ್ದರು. ಗುದ್ದಿದ ಬಂಡೆಯಿಂದ ಥರ್ಮೊಕೋಲಿನ ಕಾಳು ಉದುರುತ್ತಿತ್ತು. ಸತ್ತುಬಿದ್ದ ಸೈನಿಕನೊಬ್ಬನ ಮಣಿಕಟ್ಟಿನಲ್ಲಿ ಗಡಿಯಾರವಿತ್ತು. ಬೆಳಿಗ್ಗೆಯಿಂದ ಭವಾನಿಯೂ ಕನ್ನಡ ಸಂಭಾಷಣೆ ಬರೆದ ಗುಂಡಣ್ಣನವರೂ ಅದನ್ನೆಲ್ಲ ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು.

ಏಳನೇ ರೀಲು ಶುರುವಾಯಿತು.

"ಇಲ್ಲಿ ಒಂದೇ ಮಾತು ಭವಾನಮ್ಮ," ಎಂದರು ಗುಂಡಣ್ಣ ಹಾಳೆ ಕೊಡುತ್ತ. "ಸೈನಿಕ ಕೋಟೆ ಮೇಲಿಂದ ಬೀಳ್ತಾನೆ. ಬಿದ್ದ ತಕ್ಷಣ, 'ನನ್ನೆದುರು ನಿಂತವರ ಗತಿ ಇದೇ' ಅನ್ನಬೇಕು. ಮೊದಲು ಪಿಕ್ಚರ್ ನೋಡ್ಕೊಂಬಿಡಿ."

ಪ್ಲೈವುಡ್ಡಿನ ಕೋಟೆ. ಎರಡು ಆಳೆತ್ತರದ ಗೋಡೆಯ ಮೇಲೆ ಹಸಿರು ಮುಖವಾಡದ ಸೈನಿಕ. ಅವನು ಕತ್ತಿ ಎತ್ತುವ ಮುನ್ನ ಬಲಗಾಲಿನ ತುದಿಯಿಂದ ಗೋಡೆಯನ್ನು ಎರಡು ಸಲ ತಟ್ಟಿದ. ಭವಾನಿಯ ಕಣ್ಣು ಹಾಳೆಯಿಂದ ಮೇಲೆದ್ದಿತು. ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನೀರಿನ ಟ್ಯಾಂಕಿನ ಮೇಲಿಂದ ಹಾರುವಾಗ ಅವಳ ತಮ್ಮ ನಂಜುಂಡ ಹೀಗೆಯೇ ತಟ್ಟುತ್ತಿದ್ದ.

ಸೈನಿಕ ಗಾಳಿಗೆ ಹಾರಿದ. ಸೊಂಟದ ಹಗ್ಗ ಬಿಗಿಯಾಗಿ ನಿಂತು ಹೊಗೆಯಲ್ಲಿ ಕಪ್ಪು ಗೆರೆಯಂತೆ ಕಾಣಿಸಿತು. ಅರ್ಧ ತಿರುಗಿದ್ದ ಅಷ್ಟೆ, ಗೆರೆ ಸಡಿಲವಾಯಿತು. ಅವನು ಬೆನ್ನು ಕೆಳಗಾಗಿ ನೆಲಕ್ಕೆ ಬಡಿದ. ಅವನ ಹಿಂದೆಯೇ ಹಗ್ಗದ ತುದಿ ಮೇಲಿಂದ ಜಾರಿಬಂದು ಎದೆಯ ಮೇಲೆ ಬಿತ್ತು. ಪರದೆಗೆ ಮತ್ತೆ ರಾಣಿ ಬಂದಳು.

"ಪೋಲಾಮಾ ಮಾ, ಹೋಗೋಣ್ವಾ?" ಎಂದು ಕೇಳಿ, ಶುರುಮಾಡಲೆಂದು ಶಿವರಂಜನ್ ರೀಲನ್ನು ಹಿಂದಕ್ಕೆ ಓಡಿಸಿದ. ಹಗ್ಗ ನೆಲದಿಂದೆದ್ದು ಮೇಲಕ್ಕೆ ಹೋಯಿತು. ಬಿದ್ದವನು ಎದ್ದು, ಗಾಳಿಯಲ್ಲಿ ತೇಲಿ, ಗೋಡೆಯ ಮೇಲೆ ಎರಡೂ ಕಾಲೂರಿ ನಿಂತ. ಭವಾನಿ ಮೈಕಿನ ಕಂಬ ಹಿಡಿದುಕೊಂಡಳು. ಮರುಕ್ಷಣವೇ ರೀಲು ಮುಂದಕ್ಕೆ ಓಡಿತು. ಅವನು ಮತ್ತೆ ಬಿದ್ದ.

"ನಿಲ್ಸಪ್ಪ," ಎಂದಳು.

ಏಳು ತಿಂಗಳ ಹಿಂದೆ ಕೀಲ್ಪಾಕ್‌ನ ಆಸ್ಪತ್ರೆಯ ವರಾಂಡದಲ್ಲಿ ಸಿನಿಮಾ ಕಂಪನಿಯ ಮನುಷ್ಯನೊಬ್ಬ ಅವಳನ್ನು ಕೂರಿಸಿಕೊಂಡು ನಡೆದದ್ದನ್ನು ಹೇಳಿದ್ದ. ಸ್ಟಂಟ್ ಮಾಡಲು ಹೋಗಿದ್ದ ನಂಜುಂಡ ಊಟದ ಬಿಡುವಿನಲ್ಲಿ ಕುಡಿದು, ಯಾರೂ ಹೇಳದೆ, ಹಗ್ಗವಿಲ್ಲದೆ ಸೆಟ್ಟಿನ ಮೇಲೆ ಹತ್ತಿ ಬಿದ್ದನೆಂದು. ಕ್ಯಾಮೆರಾ ಓಡುತ್ತಿರಲಿಲ್ಲವೆಂದು. ಫೈಟ್ ಮಾಸ್ಟರ್ ಅದನ್ನೇ ಕಾಗದದಲ್ಲಿ ಬರೆದುಕೊಟ್ಟಿದ್ದ. ಮನೆಯವರ ಒಪ್ಪಿಗೆಯೆಂದು ಅದರ ಕೆಳಗೆ ಭವಾನಿ ಸಹಿ ಹಾಕಿದ್ದಳು. ನಂಜುಂಡ ಹಿಂದೆ ಕುಡಿಯುತ್ತಿದ್ದದ್ದು ನಿಜ. ಬಿಟ್ಟು ಎರಡು ವರ್ಷವಾಗಿತ್ತು. ಎಚ್ಚರವಾದ ಮೇಲೆ ಅವನು, "ಕುಡ್ದಿರ್ಲಿಲ್ಲ ಅಕ್ಕ. ಹಗ್ಗ ಇತ್ತು. ಶಾಟ್ ನಡೀತಿತ್ತು," ಎಂದಿದ್ದ. ಅವಳು "ಆಯ್ತು, ಮಲಕ್ಕೋ" ಎಂದಿದ್ದಳು. ಅವನ ಹೆಂಡತಿ ಜಯಲಕ್ಷ್ಮೀ ಅಷ್ಟನ್ನೂ ಹೇಳಲಿಲ್ಲ. ಮತ್ತೆ ಕುಡಿದನೆಂದೇ ನಂಬಿ, ಮಗಳನ್ನು ಕರೆದುಕೊಂಡು ಗಿಂಡಿಯ ತವರಿಗೆ ಹೊರಟುಹೋದಳು. ಆ ಸಿನಿಮಾ ನಿಂತುಹೋಯಿತೆಂದು ಆಮೇಲೆ ಯಾರೋ ಹೇಳಿದ್ದರು. ಬೇರೆಯವರು ಕೊಂಡು, ಬೇರೆ ಹೆಸರಿಟ್ಟು ಮುಗಿಸಿದ್ದು ಭವಾನಿಗೆ ಗೊತ್ತಿರಲಿಲ್ಲ.

ಗುಂಡಣ್ಣ ಕುರ್ಚಿ ತಂದು ಹಾಕಿದರು. "ಏನಾಯ್ತಮ್ಮ? ತಲೆ ಸುತ್ತು ಬಂತಾ?"

"ಅವನು ನನ್ನ ತಮ್ಮ ಸಾರ್."

"ಯಾರು?"

ಅವಳು ಪರದೆ ತೋರಿಸಿದಳು. ಗುಂಡಣ್ಣ ಪರದೆ ನೋಡಿದರು, ಅವಳನ್ನು ನೋಡಿದರು. ನಂಜುಂಡ ಸೊಂಟದ ಕೆಳಗೆ ಸ್ವಾಧೀನ ತಪ್ಪಿ ಹಾಸಿಗೆ ಹಿಡಿದಿರುವುದು ಅವರಿಗೆ ಗೊತ್ತಿತ್ತು. ಬೆಳಿಗ್ಗೆಯಿಂದ ಈ ಚಿತ್ರ ನೋಡಿ ಎಷ್ಟು ನಕ್ಕಿದ್ದೆವೆಂಬುದು ಅವರಿಗೂ ಆಗ ನೆನಪಾಗಿರಬೇಕು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ ನಿಂತುಬಿಟ್ಟರು.

"ಇನ್ನೊಂದ್ಸಲ ಹಾಕಪ್ಪ," ಎಂದಳು ಭವಾನಿ.

"ವೇಂಡಾಮಾ, ಬೇಡ," ಎಂದ ಶಿವರಂಜನ್.

"ಹಾಕು. ಹಗ್ಗ ನೋಡ್ಬೇಕು."

ಮೂರನೆಯ ಸಲ ಅವಳು ತಮ್ಮನನ್ನು ನೋಡಲಿಲ್ಲ, ಹಗ್ಗವನ್ನೇ ನೋಡಿದಳು. ಇತ್ತು. ಮೂವರೂ ನೋಡಿದರು. ನೆಲಕ್ಕೆ ಬಿದ್ದ ಮೇಲೆ ಚಿತ್ರದ ಅಂಚಿನಲ್ಲಿ ಯಾರದೋ ಕೈ ಒಳಗೆ ಬಂದು ಥಟ್ಟನೆ ಹಿಂದಕ್ಕೆ ಸರಿದದ್ದೂ ಕಾಣಿಸಿತು. ಎತ್ತಲು ಬಂದವರನ್ನು ಶಾಟ್ ಮುಗಿಯುವ ತನಕ ಯಾರೋ ತಡೆದಿದ್ದರು.

"ನಾಳೆ ಹತ್ತಕ್ಕೆ ಫೈಟರ್ಸ್ ಯೂನಿಯನ್‌ನವರನ್ನ ಕರ್ಕೊಂಡ್ ಬರ್ತೀನಿ," ಎಂದಳು. "ಈ ರೀಲ್ ತೋರಿಸ್ತೀಯಾ?"

ಶಿವರಂಜನ್ ತನ್ನ ಯಂತ್ರದ ಗುಂಡಿಗಳ ಮೇಲೆ ಕೈಯಾಡಿಸಿದ. "ಪ್ರೊಡ್ಯೂಸರ್ ಬರೋದು ಹನ್ನೊಂದಕ್ಕೆ. ಅದರೊಳಗೆ ಬಂದ್ಬಿಡಿ ಮಾ," ಎಂದ. ಗುಂಡಣ್ಣ, "ನಾನೂ ಇರ್ತೀನಿ. ಕಂಡದ್ದನ್ನ ಬರೆದು ಕೊಡ್ತೀನಿ," ಎಂದರು. ವಜ್ರನಖಿಯ ಆ ಮಾತಿದ್ದ ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು.

ಮೈಲಾಪೂರಿನ ಮನೆಗೆ ಬಂದಾಗ ಸಂಜೆ ಐದು. ನಂಜುಂಡ ಕಿಟಕಿಯ ಪಕ್ಕದ ಮಂಚದ ಮೇಲೆ ಮಲಗಿ ಹಳೆಯ ದಿನಪತ್ರಿಕೆ ಓದುತ್ತಿದ್ದ. ಭವಾನಿ ಚಪ್ಪಲಿಯನ್ನೂ ಬಿಡದೆ ಮಂಚದ ಅಂಚಿನಲ್ಲಿ ಕುಳಿತಳು.

"ನಿನ್ನ ಶಾಟ್ ನೋಡ್ದೆ ಕಣೋ."

ಅವನು ಪತ್ರಿಕೆಯನ್ನು ಮಡಿಸಿ ಪಕ್ಕಕ್ಕಿಟ್ಟ. "ಇಟ್ಟಿದಾರಾ?"

"ಇಟ್ಟಿದಾರೆ."

"ಕೆಳಗ್ ಬೀಳೋವರೆಗೂನಾ, ಮಧ್ಯ ಕಟ್ ಮಾಡಿದಾರಾ?"

ಬಸ್ಸಿನಲ್ಲಿ ಬರುವಾಗ ಅವನು ಅಳಬಹುದು, ಬೈಯಬಹುದು ಎಂದುಕೊಂಡಿದ್ದಳು. "ಬೀಳೋವರೆಗೂ," ಎಂದಳು.

"ಹೆಂಗ್ ಬಂದಿದೆ ಅಕ್ಕ?"

"ಹಗ್ಗ ಕಾಣುತ್ತೆ," ಎಂದಳು ಭವಾನಿ. "ನಾಳೆ ಯೂನಿಯನ್‌ನವರು ನೋಡ್ತಾರೆ. ಬೆಳಿಗ್ಗೆ ಗಿಂಡಿಗ್ ಹೋಗಿ ಜಯಾನೂ ಕರ್ಕೊಂಡ್ ಹೋಗ್ತೀನಿ. ನಂಜುಂಡ, ಆ ಕಾಗದಕ್ಕೆ ಸಹಿ ಹಾಕಿದ್ದು ನಾನು."

"ಗೊತ್ತು," ಎಂದ ಅವನು. "ಆಸ್ಪತ್ರೇಲೇ ತೋರಿಸಿದ್ರು."

ಏಳು ತಿಂಗಳು ಅವಳು ಅವನನ್ನು ಎತ್ತಿ ಕೂರಿಸಿದ್ದಳು, ಮೈ ಒರೆಸಿದ್ದಳು, ಬಟ್ಟೆ ಬದಲಿಸಿದ್ದಳು. ಒಂದು ದಿನವೂ ಅವನು ಆ ಮಾತೆತ್ತಿರಲಿಲ್ಲ. ಭವಾನಿ ಅವನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿದಳು.

"ಪೂರ್ತಿ ಒಂದು ಸುತ್ತು ತಿರುಗಿ ಕಾಲ್ ಮೇಲೆ ನಿಲ್ಬೇಕಿತ್ತು ನಾನು," ಎಂದ ನಂಜುಂಡ. "ಮಾಸ್ಟರ್ ಬೇಡ ಅಂದ್ರು. ಮಾಡ್ತೀನಿ ಅಂತ ನಾನೇ ಹೇಳ್ದೆ. ಹಾರಿದ್ದು ಚೆನ್ನಾಗೇ ಹಾರಿದ್ದೆ ಅಕ್ಕ." ಬಲಗೈ ಎತ್ತಿ, ಅಂಗೈಯನ್ನು ಗಾಳಿಯಲ್ಲಿ ಮೆಲ್ಲಗೆ ತಿರುಗಿಸಿ ತೋರಿಸತೊಡಗಿದ: ಇಲ್ಲಿಂದ ಎದ್ದದ್ದು, ಇಲ್ಲಿ ಭುಜ ತಗ್ಗಿಸಿದ್ದು, ಇಲ್ಲಿ ಬೆನ್ನು ಹೊರಳಿಸಿದ್ದು.

ಅವನ ಪಾದದ ಮೇಲೆ ಸೊಳ್ಳೆಯೊಂದು ಕುಳಿತು ರಕ್ತ ಹೀರುತ್ತಿತ್ತು. ಅದರ ಹೊಟ್ಟೆ ಕೆಂಪಗೆ ಉಬ್ಬಿತ್ತು. ಅವನು ಹೇಳುತ್ತಲೇ ಇದ್ದ. ಭವಾನಿ ಅವನ ಅಂಗೈಯ ಮೇಲಿಂದ ಕಣ್ಣು ತೆಗೆಯದೆ, ಸೆರಗಿನ ತುದಿಯಿಂದ ಸೊಳ್ಳೆಯನ್ನು ಓಡಿಸಿದಳು.